41 ಸೆಕೆಂಡಿನ ನಡಿಗೆ

ಎರಡನೇ ಇಂಟರ್ನಲ್ಸ್ ಮುಗಿದ ಶನಿವಾರ ನಾವು ನಾಲ್ಕು ಜನ ಹಾಸನದ ಹತ್ತಿರ ಇರೋ ನಮ್ಮಲ್ಲೊಬ್ಬನ ಮನೆಗೆ ಹೊರಟ್ವಿ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಂದೇ ಮಾತು: ನಮ್ಮ ಹಾಸ್ಟೆಲ್ ಫ್ಲೋರ್‌ನಲ್ಲಿ ಕಳುವಾದ ದುಡ್ಡು. ಎಕ್ಸಾಂ ಫೀಸ್‌ಗೆ ಅಂತ ಒಬ್ಬ ಎತ್ತಿಟ್ಟಿದ್ದ ₹3,500 ಬ್ಯಾಗ್‌ನಿಂದ ಮಾಯವಾಗಿತ್ತು. ಯಾರು ತಗೊಂಡಿದ್ದು ಅನ್ನೋದರಲ್ಲಿ ನಮಗೆ ಡೌಟೇ ಇರಲಿಲ್ಲ. ಎರಡು ರೂಮ್ ಆಚೆ ಇರೋ ಫಸ್ಟ್ ಇಯರ್ ಹುಡುಗ. ಇಡೀ ಫ್ಲೋರ್ ಹಾಗೇ ಅಂತಿತ್ತು, ನಾವೂ ಅಂತಿದ್ವಿ. ವಾರ್ಡನ್‌ಗೆ ಸೋಮವಾರ ಹೇಳೋದು ಅಂತ ತೀರ್ಮಾನವೂ ಆಗಿತ್ತು.

ಮನೆಗೆ ಹೋಗಿ ಬಿಸಿ ಬಿಸಿ ಅಕ್ಕಿರೊಟ್ಟಿ ತಿಂದು, ರಾತ್ರಿಗೆ ಒಂದು ಒಳ್ಳೆ ಕ್ರೈಂ ಸಿನಿಮಾ ಹಾಕೋಣ ಅಂತ ಹಾಲ್‌ನಲ್ಲಿ ಕೂತ್ವಿ. ಹುಡುಕಿ ಹುಡುಕಿ ಸುಸ್ತಾದ ಮೇಲೆ ಒಬ್ಬ "ಟ್ವೆಲ್ವ್ ಆಂಗ್ರಿ ಮೆನ್" ಅಂದ. 1957ರ ಸಿನಿಮಾ, ಕಪ್ಪು ಬಿಳುಪು, ಹನ್ನೆರಡು ಜನ ಗಂಡಸರು ಒಂದು ಮೇಜಿನ ಸುತ್ತ ಕೂತು ಮಾತಾಡ್ತಾರೆ. "ಇದು ಕ್ರೈಂ ಸಿನಿಮಾನಾ, ಡಿಪಾರ್ಟ್‌ಮೆಂಟ್ ಮೀಟಿಂಗಾ?" ಅಂತ ಇನ್ನೊಬ್ಬ ರೇಗಿಸಿದ. ಒಂದೂವರೆ ಗಂಟೆ ಕಳೆದಾಗ ನಮ್ಮಲ್ಲಿ ಒಬ್ಬನೂ ಫೋನ್ ಮುಟ್ಟಿರಲಿಲ್ಲ. ಅದು ಹೇಗಾಯ್ತು ಅಂತ ಬಿಡಿಸಿ ನೋಡೋದೇ ಈ ಲೇಖನದ ಕೆಲಸ.

ಮೊದಲೇ ಹೇಳಿಬಿಡ್ತೀವಿ: ಕಥೆಯ ಕೆಲವು ಭಾಗ ಇಲ್ಲಿ ಬರುತ್ತೆ. ಆದ್ರೆ ಕೊನೆಯ ಸಾಕ್ಷಿ ಹೇಗೆ ಅಲುಗಾಡುತ್ತೆ ಅನ್ನೋದನ್ನು ಹೇಳಲ್ಲ. ಅದನ್ನು ನೀವೇ ನೋಡಬೇಕು.

ಕಥೆ ಇಷ್ಟೇ

ನ್ಯೂಯಾರ್ಕ್‌ನ ಒಂದು ಕೋರ್ಟು. ಹದಿನೆಂಟು ವರ್ಷದ ಹುಡುಗ, ಕೊಳೆಗೇರಿಯಲ್ಲಿ ಬೆಳೆದವನು. ಅಪ್ಪನನ್ನೇ ಚಾಕುವಿನಿಂದ ತಿವಿದು ಕೊಂದ ಅನ್ನೋ ಆರೋಪ. ವಿಚಾರಣೆ ಮುಗಿದಿದೆ. ಈಗ ಹನ್ನೆರಡು ಜನರ ಜ್ಯೂರಿ ಒಂದು ಕೋಣೆಗೆ ಹೋಗಿ ತೀರ್ಮಾನ ಮಾಡಬೇಕು. ಜ್ಯೂರಿ ಅಂದ್ರೆ ವಕೀಲರೂ ಅಲ್ಲ, ಜಡ್ಜ್‌ಗಳೂ ಅಲ್ಲ. ಊರಿನ ಸಾಮಾನ್ಯ ಜನ. ತೀರ್ಪು ಹನ್ನೆರಡಕ್ಕೆ ಹನ್ನೆರಡೂ ಒಂದೇ ಆಗಿರಬೇಕು. ತಪ್ಪಿತಸ್ಥ ಅಂದ್ರೆ ಹುಡುಗನಿಗೆ ಎಲೆಕ್ಟ್ರಿಕ್ ಚೇರ್.

ಮೊದಲ ವೋಟಿನಲ್ಲಿ ಹನ್ನೊಂದು ಜನ "ತಪ್ಪಿತಸ್ಥ" ಅಂತಾರೆ. ಒಬ್ಬರು ಮಾತ್ರ ಇಲ್ಲ ಅಂತಾರೆ: 8ನೇ ನಂಬರಿನವರು, ವೃತ್ತಿಯಲ್ಲಿ ಆರ್ಕಿಟೆಕ್ಟ್. ಪಾತ್ರ ಮಾಡಿದ್ದು ಹೆನ್ರಿ ಫೋಂಡಾ. ಹುಡುಗ ನಿರಪರಾಧಿ ಅಂತ ಅವರು ಹೇಳೋದಿಲ್ಲ. "ನನಗೆ ಗೊತ್ತಿಲ್ಲ, ಒಂದು ಜೀವದ ವಿಷಯ, ಐದು ನಿಮಿಷದಲ್ಲಿ ಮುಗಿಸೋದು ಬೇಡ, ಮಾತಾಡೋಣ" ಅನ್ನೋದಷ್ಟೇ ಅವರ ವಾದದ ಸಾರ. ಉಳಿದ ಹನ್ನೊಂದು ಜನರಲ್ಲಿ ಒಬ್ಬರಿಗೆ ಬೇಸ್‌ಬಾಲ್ ಮ್ಯಾಚ್‌ಗೆ ಹೋಗುವ ಆತುರ. ಒಬ್ಬರಿಗೆ ಕೊಳೆಗೇರಿಯವರನ್ನು ಕಂಡ್ರೇ ಆಗಲ್ಲ. ಇನ್ನೊಬ್ಬರಿಗೆ ತಮ್ಮ ಸ್ವಂತ ಮಗನ ಮೇಲಿನ ಸಿಟ್ಟು. ಹೊರಗೆ ಸುಡುವ ಸೆಖೆ, ಒಳಗೆ ಗೋಡೆಯ ಫ್ಯಾನ್ ತಿರುಗ್ತಿಲ್ಲ.

96 ನಿಮಿಷದ ಸಿನಿಮಾದಲ್ಲಿ ಆ ಕೋಣೆಯಿಂದ ಹೊರಗೆ ನಡೆಯೋದು ಸುಮಾರು ಮೂರು ನಿಮಿಷ ಮಾತ್ರ. ಕೊಲೆಯನ್ನು ತೋರಿಸಲ್ಲ. ಫ್ಲ್ಯಾಶ್‌ಬ್ಯಾಕ್ ಇಲ್ಲ. ಚೇಸ್ ಇಲ್ಲ. ಕೊನೆಯ ದೃಶ್ಯದವರೆಗೂ ಜ್ಯೂರಿಯ ಪಾತ್ರಗಳಿಗೆ ಹೆಸರೇ ಇಲ್ಲ, ನಂಬರ್ ಅಷ್ಟೇ.

ಬಿಗಿ ಎಲ್ಲಿಂದ ಬರುತ್ತೆ?

ಸಾಮಾನ್ಯವಾಗಿ ಕ್ರೈಂ ಸಿನಿಮಾ ನಮ್ಮನ್ನು ಹಿಡಿಯೋದು "ಯಾರು ಮಾಡಿದ್ದು?" ಅನ್ನೋ ಪ್ರಶ್ನೆಯಿಂದ. ನಿರ್ದೇಶಕರಿಗೆ ಉತ್ತರ ಗೊತ್ತು, ನಮಗೆ ಗೊತ್ತಿಲ್ಲ. ಅವರು ಸ್ವಲ್ಪ ಸ್ವಲ್ಪವೇ ಬಿಚ್ಚುತ್ತಾ ಹೋಗ್ತಾರೆ, ಕೊನೆಯಲ್ಲಿ ಒಂದು ಟ್ವಿಸ್ಟ್ ಕೊಡ್ತಾರೆ. ಟ್ವಿಸ್ಟ್ ಗೊತ್ತಾದ ಮೇಲೆ ಎರಡನೇ ಸಲ ನೋಡೋವಾಗ ಅರ್ಧ ಸ್ವಾರಸ್ಯ ಹೋಗಿರುತ್ತೆ.

ಇಲ್ಲಿ ಪ್ರಶ್ನೆಯೇ ಬೇರೆ: "ಅವನೇ ಮಾಡಿದ್ದು ಅಂತ ನಿಮಗೆ ಹೇಗೆ ಗೊತ್ತು?" ಹನ್ನೆರಡು ಜನಕ್ಕೆ ಎಷ್ಟು ಗೊತ್ತೋ ನಮಗೂ ಅಷ್ಟೇ ಗೊತ್ತು. ಸೋಫಾ ಮೇಲೆ ಕೂತ ನಾವು ಹದಿಮೂರನೆಯವರು. ಪ್ರತಿ ಸಾಕ್ಷಿ ಮೇಜಿನ ಮೇಲೆ ಬಂದಾಗ ಮೊದಲು ಗಟ್ಟಿಯಾಗಿ ಕಾಣುತ್ತೆ, ನಾವೂ ತಲೆ ಆಡಿಸ್ತೀವಿ. ಆಮೇಲೆ ಯಾರೋ ಒಬ್ಬರು ಒಂದು ಚಿಕ್ಕ ಪ್ರಶ್ನೆ ಕೇಳ್ತಾರೆ. ನಾವು ತಲೆ ಆಡಿಸಿದ್ದು ತಪ್ಪು ಅಂತ ಗೊತ್ತಾಗುತ್ತೆ. ಒಂದು ಸಲ ಹೀಗಾದ್ರೆ ಸರಿ. ಮೂರು ಸಲ ಆದಾಗ ಮುಂದಿನ ಸಾಕ್ಷಿಗೆ ತಲೆ ಆಡಿಸೋಕೆ ಭಯ ಆಗುತ್ತೆ. ಈ ಸಿನಿಮಾದ ಬಿಗಿ ಅಂದ್ರೆ ಇದೇ. ಪರದೆಯ ಮೇಲಿನ ಯಾರ ಮೇಲೂ ಅಲ್ಲ, ನಮ್ಮ ಮೇಲೆ ನಮಗೇ ಅನುಮಾನ ಶುರುವಾಗುತ್ತೆ.

ಎರಡು ಸಾಕ್ಷಿ, ಒಂದು ಟೈಂಲೈನ್

ಉದಾಹರಣೆಗೆ ರೈಲಿನ ಲೆಕ್ಕ ತಗೊಳ್ಳಿ. ಎಂಜಿನಿಯರಿಂಗ್ ಓದೋರಿಗೆ ಇದು ಹಬ್ಬ.

ಸಾಕ್ಷಿ ಒಂದು: ಕೆಳಗಿನ ಮಹಡಿಯ ಮುದುಕ. "ಮೇಲಿಂದ ಹುಡುಗ 'ಕೊಂದುಬಿಡ್ತೀನಿ' ಅಂತ ಕೂಗಿದ್ದು ಕೇಳಿಸ್ತು, ಒಂದು ಸೆಕೆಂಡ್ ಆದ ಮೇಲೆ ದೇಹ ನೆಲಕ್ಕೆ ಬಿದ್ದ ಸದ್ದು ಬಂತು" ಅಂತ ಹೇಳಿಕೆ.

ಸಾಕ್ಷಿ ಎರಡು: ಎದುರು ಮನೆಯ ಹೆಂಗಸು. ಎರಡೂ ಕಟ್ಟಡಗಳ ಮಧ್ಯೆ ಎತ್ತರದ ಕಂಬಗಳ ಮೇಲೆ ರೈಲು ಓಡುತ್ತೆ, ನಮ್ಮ ಮೆಟ್ರೋ ಹಾಗೆ. ರಾತ್ರಿ ಹೋಗ್ತಿದ್ದ ಖಾಲಿ ರೈಲಿನ ಕಿಟಕಿಗಳ ಮೂಲಕ, ಕೊನೆಯ ಎರಡು ಬೋಗಿ ದಾಟುವಾಗ, ಕೊಲೆ ಆಗಿದ್ದನ್ನು ಕಂಡೆ ಅಂತ ಹೇಳಿಕೆ.

ಬಿಡಿಬಿಡಿಯಾಗಿ ನೋಡಿದ್ರೆ ಎರಡೂ ಗಟ್ಟಿ. ಒಬ್ಬರು ಕಿವಿಯಾರೆ ಕೇಳಿದ್ದಾರೆ, ಒಬ್ಬರು ಕಣ್ಣಾರೆ ಕಂಡಿದ್ದಾರೆ. ಈಗ 8ನೇ ನಂಬರಿನವರು ಒಂದೇ ಒಂದು ಕೆಲಸ ಮಾಡ್ತಾರೆ: ಎರಡನ್ನೂ ಒಂದೇ ಟೈಂಲೈನ್ ಮೇಲೆ ಇಡ್ತಾರೆ. ರೈಲು ಒಂದು ಜಾಗವನ್ನು ದಾಟೋಕೆ ಸುಮಾರು ಹತ್ತು ಸೆಕೆಂಡ್ ಬೇಕು. ಕೊಲೆ ಆಗಿದ್ದು ಕೊನೆಯ ಬೋಗಿಗಳು ಹೋಗುವಾಗ. ಅಂದ್ರೆ ದೇಹ ಬೀಳೋಕೆ ಮುಂಚಿನ ಹತ್ತಿರ ಹತ್ತಿರ ಹತ್ತು ಸೆಕೆಂಡ್ ಆ ಮುದುಕನ ಕಿಟಕಿ ಪಕ್ಕದಲ್ಲೇ ರೈಲು ಗಡಗಡ ಅಂತ ಓಡ್ತಿತ್ತು. ಕೂಗು ಬಂದಿದ್ದು ಬೀಳೋಕೆ ಒಂದು ಸೆಕೆಂಡ್ ಮುಂಚೆ. ಹಾಗಾದ್ರೆ ಆ ಗಲಾಟೆಯಲ್ಲಿ ಮೇಲಿನ ಮನೆಯ ದನಿ ಇಂಥವರದೇ ಅಂತ ಗುರುತು ಸಿಗೋ ಹಾಗೆ ಕೇಳಿಸಿತಾ?

ಗಮನಿಸಿ, ಯಾರೂ ಸುಳ್ಳು ಹೇಳಿದ್ದಾರೆ ಅಂತ ಇಲ್ಲಿ ಸಾಬೀತಾಗಿಲ್ಲ. ಎರಡು ಹೇಳಿಕೆ ಒಟ್ಟಿಗೆ ನಿಲ್ಲೋಕೆ ಆಗಲ್ಲ ಅಂತ ಗೊತ್ತಾಯ್ತು, ಅಷ್ಟೇ. ಲ್ಯಾಬ್‌ನಲ್ಲಿ ಎರಡು ಮೀಟರ್ ಎರಡು ರೀಡಿಂಗ್ ಕೊಟ್ರೆ ನಾವು ಏನ್ ಮಾಡ್ತೀವಿ? ನಮಗೆ ಬೇಕಾದ ರೀಡಿಂಗ್ ರೆಕಾರ್ಡ್ ಬುಕ್‌ಗೆ ಬರ್ಕೊಂಡು ಇನ್ನೊಂದನ್ನು ಮರೀತೀವಿ. (ನಿಜ ಹೇಳಿ!) ಜ್ಯೂರಿ ಕೋಣೆಯಲ್ಲೂ ಹನ್ನೊಂದು ಜನ ಅದನ್ನೇ ಮಾಡಿದ್ರು.

ಅಜ್ಜ ಎದ್ದು ನಡೆದಿದ್ದು

ಆ ಮುದುಕನ ಇನ್ನೊಂದು ಹೇಳಿಕೆ ಇದೆ. ಸದ್ದು ಕೇಳಿದ ತಕ್ಷಣ ಹಾಸಿಗೆಯಿಂದ ಎದ್ದು, ಬಾಗಿಲು ತೆಗೆದು ನೋಡಿದಾಗ ಹುಡುಗ ಮೆಟ್ಟಿಲಿಳಿದು ಓಡ್ತಿದ್ದ, ಇದಕ್ಕೆಲ್ಲ ಹದಿನೈದು ಸೆಕೆಂಡ್ ಆಗಿರಬಹುದು ಅಂತ. ಆದ್ರೆ ಆತನಿಗೆ ಹಿಂದೆ ಪಾರ್ಶ್ವವಾಯು ಆಗಿತ್ತು, ಒಂದು ಕಾಲು ಎಳೀತಾ ನಡೀತಿದ್ದ. ಮನೆಯ ನಕ್ಷೆ ತರಿಸಿ ನೋಡ್ತಾರೆ: ಹಾಸಿಗೆಯಿಂದ ಕೋಣೆಯ ಬಾಗಿಲಿಗೆ 12 ಅಡಿ, ಅಲ್ಲಿಂದ ಮುಂಬಾಗಿಲಿಗೆ 43 ಅಡಿ. 8ನೇ ನಂಬರಿನವರು ಕೋಣೆಯಲ್ಲೇ ಕುರ್ಚಿಗಳನ್ನು ಸರಿಸಿ, ಕಾಲು ಎಳೆದುಕೊಂಡು ಅಷ್ಟು ದೂರ ನಡೀತಾರೆ. ಒಬ್ಬರು ವಾಚ್ ಹಿಡೀತಾರೆ. 41 ಸೆಕೆಂಡ್.

ಇಲ್ಲಿ ನಾವು ಪಾಸ್ ಒತ್ತಿದ್ವಿ. ಯಾಕಂದ್ರೆ ನಮ್ಮಲ್ಲೊಬ್ಬ ಆಗಲೇ ಲೆಕ್ಕ ಶುರು ಮಾಡಿದ್ದ. 55 ಅಡಿ ಅಂದ್ರೆ ಹತ್ತಿರ ಹತ್ತಿರ 16.8 ಮೀಟರ್. ಹದಿನೈದು ಸೆಕೆಂಡಿಗೆ ಸೆಕೆಂಡಿಗೆ 1.1 ಮೀಟರ್ ವೇಗ ಬೇಕು. ಇದು ಬಸ್ ಸ್ಟ್ಯಾಂಡಿನಲ್ಲಿ ನಾವು ಆರಾಮಾಗಿ ನಡೆಯೋ ವೇಗ, ಅದೂ ಎರಡು ಬಾಗಿಲು ತೆಗೆಯೋ ಹೊತ್ತು ಬಿಟ್ಟು. 41 ಸೆಕೆಂಡ್ ಆದ್ರೆ ಸೆಕೆಂಡಿಗೆ 0.4 ಮೀಟರ್. "ಅಷ್ಟು ನಿಧಾನ ಯಾರು ನಡೀತಾರೆ? ಹೀರೋ ಬೇಕಂತಲೇ ನಿಧಾನ ನಡೆದಿದ್ದಾನೆ" ಅಂತ ಒಬ್ಬ ವಾದ ತೆಗೆದ.

ಮೂಲೆಯ ಮಂಚದಲ್ಲಿ ಕೂತು ಅಜ್ಜ ಅಷ್ಟು ಹೊತ್ತೂ ನೋಡ್ತಿದ್ರು. ಅವರಿಗೆ ಇಂಗ್ಲಿಷ್ ಬರಲ್ಲ. ಮೊಮ್ಮಗ ಮಧ್ಯೆ ಮಧ್ಯೆ ಕನ್ನಡದಲ್ಲಿ ಹೇಳ್ತಿದ್ದ. ಮೂರು ವರ್ಷದ ಹಿಂದೆ ಅವರಿಗೂ ಲಕ್ವ ಹೊಡೆದು ಎಡಗಾಲು ಸ್ವಾಧೀನ ತಪ್ಪಿತ್ತು, ಈಗ ಊರುಗೋಲು ಹಿಡಿದು ನಡೀತಾರೆ. ನಮ್ಮ ವಾದ ಕೇಳಿ, "ಅದ್ಯಾಕ್ರಪ್ಪ ಹಂಗೆ ಕಿತ್ತಾಡ್ತೀರಿ? ನಾನಿಲ್ವಾ ಇಲ್ಲಿ? ಹಿಡ್ಕೊಳ್ಳೋ ಗಡಿಯಾರವ" ಅಂದ್ರು.

ಬೇಡ ಅಜ್ಜ ಅಂದ್ರೂ ಕೇಳಲಿಲ್ಲ. ಮಂಚದಿಂದ ಮುಂಬಾಗಿಲಿಗೆ ನೆಲದ ಟೈಲ್ಸ್ ಎಣಿಸಿದ್ವಿ, 27 ಅಡಿ. ಸಿನಿಮಾದ ದೂರದ ಅರ್ಧ. ಮೊಮ್ಮಗ ಪಕ್ಕದಲ್ಲೇ ನಡೆದ. ಏಳೋಕೇ ಆರು ಸೆಕೆಂಡ್ ಆಯ್ತು. ಬಾಗಿಲು ಮುಟ್ಟಿದಾಗ ಫೋನಿನ ಸ್ಟಾಪ್‌ವಾಚ್ 35 ತೋರಿಸ್ತಿತ್ತು. ಅರ್ಧ ದೂರಕ್ಕೆ 35 ಸೆಕೆಂಡ್.

ಬಾಗಿಲು ಹಿಡ್ಕೊಂಡು ಉಸಿರು ತಗೊಳ್ತಾ ಅಜ್ಜ ಹೇಳಿದ್ರು: "ಯಾರಾದ್ರೂ ಬಾಗಿಲು ಬಡಿದ್ರೆ ನಾನು ಹೋಗೋ ಹೊತ್ತಿಗೆ ಅವರು ಹೊರಟೇ ಹೋಗಿರ್ತಾರೆ ಕಣ್ರೋ. ಆದ್ರೆ ನನ್ನ ಕೇಳಿದ್ರೆ, ಬೇಗ ಹೋದೆ ಅಂತಲೇ ಹೇಳ್ತೀನಿ. ನನ್ನ ಮನಸ್ಸಲ್ಲಿ ನಾನು ಬೇಗ್ಲೇ ಹೋಗಿರ್ತೀನಿ."

ಸಿನಿಮಾದಲ್ಲೂ 9ನೇ ನಂಬರಿನ ವೃದ್ಧರು ಆ ಸಾಕ್ಷಿಯ ಬಗ್ಗೆ ಹತ್ತಿರ ಹತ್ತಿರ ಇದೇ ಅರ್ಥದ ಮಾತು ಆಡ್ತಾರೆ: ಆತ ಸುಳ್ಳುಗಾರ ಅಲ್ಲ, ತಾನು ಹೇಳಿದ್ದನ್ನು ತಾನೇ ನಂಬಿರಬಹುದು ಅಂತ. ಅಜ್ಜನಿಗೆ ಆ ಮಾತನ್ನು ಇನ್ನೂ ಯಾರೂ ಕನ್ನಡದಲ್ಲಿ ಹೇಳಿರಲಿಲ್ಲ.

ಕೋಣೆ ಚಿಕ್ಕದಾಗೋದು ಹೇಗೆ?

ಸಿನಿಮಾ ಮುಂದುವರಿದ ಹಾಗೆ ಕೋಣೆ ಕುಗ್ಗಿದಂತೆ, ಉಸಿರು ಕಟ್ಟಿದಂತೆ ಅನಿಸುತ್ತೆ. ಇದು ನಮ್ಮ ಭ್ರಮೆ ಅಲ್ಲ, ಲೆಕ್ಕ ಹಾಕಿ ಮಾಡಿದ್ದು. ನಿರ್ದೇಶಕ ಸಿಡ್ನಿ ಲುಮೆಟ್‌ಗೆ ಇದು ಮೊದಲ ಸಿನಿಮಾ. ಛಾಯಾಗ್ರಾಹಕ ಬೋರಿಸ್ ಕಾಫ್‌ಮನ್. ಮೊದಲ ಭಾಗದಲ್ಲಿ ಕ್ಯಾಮೆರಾ ಕಣ್ಣಿನ ಮಟ್ಟಕ್ಕಿಂತ ಮೇಲೆ ಇದೆ, ಲೆನ್ಸ್ ವೈಡ್. ಹಾಗಾಗಿ ಕೋಣೆ ವಿಶಾಲವಾಗಿ, ಜನ ದೂರ ದೂರ ಕೂತಂತೆ ಕಾಣ್ತಾರೆ. ಮಧ್ಯದಲ್ಲಿ ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಇಳಿಯುತ್ತೆ. ಕೊನೆಯ ಭಾಗದಲ್ಲಿ ಇನ್ನೂ ಕೆಳಗೆ ಹೋಗುತ್ತೆ, ತಲೆಯ ಮೇಲೆ ಚಾವಣಿ ಕಾಣೋಕೆ ಶುರುವಾಗುತ್ತೆ. ಜೊತೆಗೆ ಲೆನ್ಸಿನ ಫೋಕಲ್ ಲೆಂತ್ ಹೆಚ್ಚುತ್ತಾ ಹೋಗುತ್ತೆ. ದೂರದಿಂದ ಲಾಂಗ್ ಲೆನ್ಸ್‌ನಲ್ಲಿ ತೆಗೆದ್ರೆ ಹಿಂದಿನ ಗೋಡೆ ಮುಖಕ್ಕೆ ಅಂಟಿದ ಹಾಗೆ ಕಾಣುತ್ತೆ. ಫೋನಿನಲ್ಲಿ ಜೂಮ್ ಮಾಡಿ ದೂರದಿಂದ ಫೋಟೋ ತೆಗೆದು ನೋಡಿ, ಅರ್ಥ ಆಗುತ್ತೆ. ಕೊನೆಗೆ ಎಲ್ಲರೂ ಕೋರ್ಟಿನ ಹೊರಗೆ ಬರೋ ಶಾಟ್ ಮತ್ತೆ ವೈಡ್. ನಾವು ನಾಲ್ಕೂ ಜನ ಅಲ್ಲಿ ಒಟ್ಟಿಗೆ ಉಸಿರು ಬಿಟ್ವಿ.

ಫ್ಯಾನಿನ ವಿಷಯವೂ ಹೇಳಲೇಬೇಕು. ಮಳೆ ಬಂದು ಕತ್ತಲಾಗಿ ಲೈಟ್ ಹಾಕಿದಾಗ ಫ್ಯಾನ್ ತಾನೇ ತಿರುಗುತ್ತೆ. ಕೆಟ್ಟಿರಲೇ ಇಲ್ಲ; ಲೈಟಿನ ಸ್ವಿಚ್ಚಿಗೇ ಸೇರಿತ್ತು. ಅಷ್ಟು ಹೊತ್ತು ಬೆವೆತವರಲ್ಲಿ ಒಬ್ಬರೂ ಲೈಟ್ ಹಾಕಿ ನೋಡಿರಲಿಲ್ಲ. ಕೆಟ್ಟಿದೆ ಅಂತ ಎಲ್ಲರೂ ಒಪ್ಪಿಬಿಟ್ಟಿದ್ರು.

ಮನೆಯಲ್ಲಿ ನೋಡೋದೇ ಸರಿ

ಥಿಯೇಟರ್‌ನಲ್ಲಿ ನೋಡಿದ್ರೇನೇ ಸಿನಿಮಾ ಅನ್ನೋರು ನಮ್ಮಲ್ಲೂ ಇದ್ದಾರೆ. ಈ ಸಿನಿಮಾಗೆ ಆ ನಿಯಮ ಅಷ್ಟಾಗಿ ಅನ್ವಯಿಸಲ್ಲ. ಮೂಲದಲ್ಲಿ ಇದು ಹುಟ್ಟಿದ್ದೇ ಮನೆಯ ಟಿವಿಗೆ: ರೆಜಿನಾಲ್ಡ್ ರೋಸ್ ಬರೆದ ನಾಟಕವಾಗಿ 1954ರಲ್ಲಿ ಅಮೆರಿಕದ ಸಿಬಿಎಸ್ ಚಾನೆಲ್‌ನಲ್ಲಿ ನೇರ ಪ್ರಸಾರ ಆಗಿತ್ತು. ಮುಖಗಳೇ ಮುಖ್ಯ ಆದ್ದರಿಂದ ಚಿಕ್ಕ ಪರದೆಯಲ್ಲೂ ಏನೂ ಕಳೆದುಹೋಗಲ್ಲ.

ನಾವು ಕಲಿತಿದ್ದು ಇಷ್ಟು. ಫೋನ್ ಬೇರೆ ಕೋಣೆಯಲ್ಲಿಡಿ, ಒಂದನ್ನು ಸ್ಟಾಪ್‌ವಾಚ್‌ಗೆ ಉಳಿಸಿಕೊಳ್ಳಿ. ಸಬ್‌ಟೈಟಲ್ ಹಾಕಿ, ಹನ್ನೆರಡು ಜನ ಒಟ್ಟಿಗೆ ಮಾತಾಡ್ತಾರೆ. ಸುಮ್ಮಸುಮ್ಮನೆ ಪಾಸ್ ಮಾಡಬೇಡಿ. ಪಾಸ್ ಮಾಡಿದ್ರೆ ಏನಾದ್ರೂ ಪರೀಕ್ಷೆ ಮಾಡೋಕೆ ಮಾಡಿ. ಮೊದಲ ವೋಟು ಆದ ತಕ್ಷಣ ನೀವೂ ಚೀಟಿಯಲ್ಲಿ ನಿಮ್ಮ ವೋಟು ಬರೆದಿಡಿ. ಇಂಗ್ಲಿಷ್ ಕಷ್ಟ ಅನ್ನೋ ದೊಡ್ಡವರು ಮನೆಯಲ್ಲಿದ್ರೆ ಬಾಸು ಚಟರ್ಜಿ ಅವರ ಹಿಂದಿ ರೂಪ "ಏಕ್ ರುಕಾ ಹುವಾ ಫೈಸ್ಲಾ" (1986) ಇದೆ. ಅದರಲ್ಲಿ ಪಂಕಜ್ ಕಪೂರ್ ಅವರ ಸಿಟ್ಟನ್ನು ನೋಡಬೇಕು.

ಸಿನಿಮಾ ಪೂರ್ತಿ ಸರಿಯಾ?

ಇಲ್ಲ. 8ನೇ ನಂಬರಿನವರು ಹೊರಗೆ ಹೋಗಿ ಕೊಲೆಯಾದ ಚಾಕುವಿನಂಥದ್ದೇ ಇನ್ನೊಂದನ್ನು ಕೊಂಡು ತಂದು ಮೇಜಿಗೆ ಚುಚ್ಚುವ ದೃಶ್ಯ ರೋಮಾಂಚಕ. ಆದ್ರೆ ನಿಜವಾದ ಜ್ಯೂರಿ ಸದಸ್ಯರು ಹಾಗೆ ಸ್ವಂತ ತನಿಖೆ ಮಾಡುವಂತಿಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಸೋನಿಯಾ ಸೊಟೊಮೇಯರ್ ಕಾಲೇಜಿನಲ್ಲಿದ್ದಾಗ ಈ ಸಿನಿಮಾದಿಂದ ಪ್ರಭಾವಿತರಾದವರು. ಅವರೂ ನಿಜವಾದ ಜ್ಯೂರಿ ಹೀಗೆ ನಡೆದುಕೊಳ್ಳಬಾರದು ಅಂತ ಹೇಳಿದ್ದಾರೆ.

ನಮ್ಮ ದೇಶದಲ್ಲೂ ಜ್ಯೂರಿ ಇತ್ತು. 1959ರ ನಾನಾವತಿ ಪ್ರಕರಣದಲ್ಲಿ ಬಾಂಬೆಯ ಜ್ಯೂರಿ 8–1ರಿಂದ ಆರೋಪಿಯನ್ನು ನಿರ್ದೋಷಿ ಅಂದಿತ್ತು. ಹೈಕೋರ್ಟ್ ಅದನ್ನು ಒಪ್ಪದೆ ಜೀವಾವಧಿ ಶಿಕ್ಷೆ ಕೊಟ್ಟಿತು. ಪತ್ರಿಕೆಗಳು ಎಬ್ಬಿಸಿದ ಅಲೆ ಜ್ಯೂರಿಯ ಮೇಲೂ ಬಿದ್ದಿತ್ತು ಅನ್ನೋ ಮಾತು ಆಗ ಜೋರಾಗಿತ್ತು. 1973ರ ಕ್ರಿಮಿನಲ್ ಪ್ರೊಸೀಜರ್ ಕೋಡ್ ಬರೋ ಹೊತ್ತಿಗೆ ಜ್ಯೂರಿಗೆ ಜಾಗವೇ ಇರಲಿಲ್ಲ. ಈಗ ತೀರ್ಪು ಜಡ್ಜ್ ಕೊಡ್ತಾರೆ. ಆದ್ರೂ ಪೇಪರಿನಲ್ಲಿ ಓದೋ "ಸಂಶಯದ ಲಾಭ" ಅನ್ನೋ ಮಾತು ಇದೆಯಲ್ಲ, ಸಿನಿಮಾ ನಿಂತಿರೋದು ಅದರ ಮೇಲೇ. ಹುಡುಗ ಕೊಲೆ ಮಾಡಿದ್ನಾ ಇಲ್ವಾ? ಸಿನಿಮಾ ಕೊನೆವರೆಗೂ ಹೇಳಲ್ಲ.

ಸೋಮವಾರ

ಸಿನಿಮಾ ಮುಗಿದ ಮೇಲೆ ಲೈಟ್ ಹಾಕಿದ್ವಿ. ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ, "ಲೋ, ಆ ಹುಡುಗನ್ನ ಕಂಡಿದ್ದು ಯಾರು?" ಅಂದ. ಯಾವ ಹುಡುಗ ಅಂತ ಯಾರೂ ಕೇಳಲಿಲ್ಲ.

ಒಂದು ಹಾಳೆ ತಗೊಂಡು ಬರೆದ್ವಿ. ದುಡ್ಡು ಹೋದ ರಾತ್ರಿ ಕರೆಂಟ್ ಹೋಗಿ, ಜನರೇಟರ್ ಶುರುವಾಗೋಕೆ ಸುಮಾರು ಹತ್ತು ನಿಮಿಷ ಹಿಡಿದಿತ್ತು. ಆ ಹತ್ತು ನಿಮಿಷದಲ್ಲಿ ಅವನು ಆ ರೂಮಿನಿಂದ ಹೊರಗೆ ಬಂದಿದ್ದನ್ನು ಕಂಡೆ ಅಂತ ಒಬ್ಬ ಹೇಳಿದ್ದ. ಇನ್ನೊಬ್ಬ ಬೇರೆ ದಿನ, ಬೇರೆ ಮಾತಿನ ಮಧ್ಯೆ, ಕರೆಂಟ್ ಹೋದಾಗ ಮೆಸ್ ಕ್ಯೂನಲ್ಲಿ ಆ ಹುಡುಗ ತನ್ನ ಹಿಂದೆಯೇ ಇದ್ದ, ಫೋನಿನ ಟಾರ್ಚ್ ಹಾಕಿ ಅಂತ ಕೇಳಿದ ಅಂದಿದ್ದ. ಮೆಸ್ ಇರೋದು ಬೇರೆ ಬ್ಲಾಕ್‌ನಲ್ಲಿ. ಎರಡೂ ಮಾತನ್ನು ನಾವು ನಾಲ್ಕೂ ಜನ ಕೇಳಿದ್ವಿ. ಎರಡನ್ನೂ ಒಂದೇ ಹಾಳೆಯಲ್ಲಿ ಬರೆದಿದ್ದು ಅವತ್ತೇ ಮೊದಲು. ಕತ್ತಲಲ್ಲಿ ಕಾರಿಡಾರಿನ ಆ ತುದಿಯಿಂದ ಮುಖ ಹೇಗೆ ಕಂಡಿತು ಅಂತ ಕೂಡ ಯಾರೂ ಕೇಳಿರಲಿಲ್ಲ. ಅವನು ಯಾರ ಜೊತೆಗೂ ಹೆಚ್ಚು ಸೇರ್ತಿರಲಿಲ್ಲ, ಹಳೇ ಫೋನ್ ಇಟ್ಟುಕೊಂಡಿದ್ದ. ನಮಗಿದ್ದ ಉಳಿದ "ಸಾಕ್ಷಿ" ಇಷ್ಟೇ.

ಅವನು ತಗೊಂಡಿಲ್ಲ ಅಂತ ಸಾಬೀತಾಯ್ತಾ? ಇಲ್ಲ. ದುಡ್ಡು ಇವತ್ತಿಗೂ ಸಿಕ್ಕಿಲ್ಲ, ಯಾರು ತಗೊಂಡ್ರು ಅಂತಲೂ ಗೊತ್ತಾಗಿಲ್ಲ. ಸೋಮವಾರ ನಾವು ವಾರ್ಡನ್ ಹತ್ರ ದುಡ್ಡು ಹೋಗಿದ್ದನ್ನು ಹೇಳಿದ್ವಿ, ಹೆಸರು ಹೇಳಲಿಲ್ಲ. ಫ್ಲೋರ್‌ನವರನ್ನು ಕೂರಿಸಿ ಆ ಹಾಳೆ ತೋರಿಸಿದ್ವಿ. ಕೆಲವರು ಒಪ್ಪಿದ್ರು, ಕೆಲವರು "ಸಿನಿಮಾ ನೋಡಿ ತಲೆ ಕೆಡಿಸ್ಕೊಂಡಿದ್ದೀರ" ಅಂದ್ರು. ಸಂಜೆ ಅವನ ರೂಮಿಗೆ ಹೋಗಿ ಸಾರಿ ಕೇಳಿದ್ವಿ. "ಪರ್ವಾಗಿಲ್ಲ ಅಣ್ಣ" ಅಂದ. ಎರಡು ವಾರದಿಂದ ಅವನು ಮೆಸ್‌ಗೆ ಎಲ್ಲರೂ ಊಟ ಮುಗಿಸಿದ ಮೇಲೆ ಬರ್ತಿದ್ದ. ಈಗಲೂ ಹಾಗೇ ಬರ್ತಾನೆ. ನಾವೂ ತಡವಾಗಿ ಹೋಗೋಕೆ ಶುರು ಮಾಡಿದ್ದೀವಿ. ಮೊನ್ನೆ ಸಾರು ದಾಟಿಸೋವಾಗ ಎರಡು ಮಾತಾಡಿದ.

ಕ್ಯಾಂಪಸ್‌ನಲ್ಲಿ ಇಂಥ ತೀರ್ಪುಗಳು ದಿನಾ ಆಗ್ತಾವೆ. ಯಾರು ಕಾಪಿ ಹೊಡೆದ್ರು, ಪ್ರಾಜೆಕ್ಟ್ ಕೆಟ್ಟಿದ್ದು ಯಾರಿಂದ, ಯಾರು ಹೋಗಿ ಹೇಳಿಕೊಟ್ರು. ಜಡ್ಜ್ ಇಲ್ಲ, ವಕೀಲರಿಲ್ಲ, ಐದು ನಿಮಿಷದಲ್ಲಿ ಹನ್ನೊಂದು ಕೈ ಮೇಲೆ. ಈ ವಾರಾಂತ್ಯ 96 ನಿಮಿಷ ಬಿಡುವಿದ್ರೆ ಈ ಸಿನಿಮಾ ಹಾಕಿ. ಚೀಟಿಯಲ್ಲಿ ವೋಟು ಬರೆಯೋದನ್ನು ಮರೀಬೇಡಿ. ನಾವು ನಾಲ್ಕೂ ಜನ ಬರೆದಿದ್ದು "ತಪ್ಪಿತಸ್ಥ". ಅಜ್ಜ ಮಾತ್ರ ಚೀಟಿ ವಾಪಸ್ ಕೊಟ್ಟು, "ಇನ್ನೂ ಏನೂ ಕೇಳೇ ಇಲ್ವಲ್ರೋ, ಆಗ್ಲೇ ಏನು ಬರೆಯೋದು?" ಅಂದಿದ್ರು.